ದ್ವೀಪದ ಕೋಟೆಯಲ್ಲಿ ನೀರು ಹುಡುಕುತ್ತಾ

"ಎಲ್ರೀ ನೀರು?"

ಸಿಗೆತ್‌ವಾರ್ ಕೋಟೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ ಇದು. ತಪ್ಪು ನನ್ನದೇ. ಹಂಗೇರಿಯವರ ಭಾಷೆಯಲ್ಲಿ 'ಸಿಗೆತ್' ಅಂದರೆ ದ್ವೀಪ, 'ವಾರ್' ಅಂದರೆ ಕೋಟೆ ಎಂದು ದಾರಿಯುದ್ದಕ್ಕೂ ಅವಳ ತಲೆ ತಿಂದಿದ್ದೆ. ಬಂದು ನೋಡಿದರೆ ಕೆಂಪು ಇಟ್ಟಿಗೆಯ ಗೋಡೆ, ಸುತ್ತ ಹುಲ್ಲು, ಮರಗಳು. ಕಾಲು ತೊಳೆಯುವಷ್ಟು ನೀರೂ ಕಾಣಲಿಲ್ಲ.

ಹಿಂದಿನ ದಿನ ಬುಡಾಪೆಸ್ಟ್‌ನಿಂದ ರೈಲು ಹಿಡಿದು ದಕ್ಷಿಣದ ಒಂದು ಊರಿಗೆ ಬಂದಿದ್ದೆವು. ಆ ಊರಿನ ಹೆಸರೇ ಪೇಚ್. ಬೆಳಿಗ್ಗೆ ತಪ್ಪು ಜಾಗದಲ್ಲಿ ನಿಂತು ಬಸ್ಸು ತಪ್ಪಿಸಿಕೊಂಡಾಗ ಹೆಸರು ಸಾರ್ಥಕವಾಯಿತು ಎಂದು ಇಬ್ಬರೂ ನಕ್ಕೆವು. ಮುಂದಿನ ಬಸ್ಸಿಗೆ ಹೊತ್ತಿತ್ತು. ಊರ ನಡುವಿನ ಚೌಕಕ್ಕೆ ಹೋದೆವು. ಅಲ್ಲಿ ತುರ್ಕಿ ಆಳ್ವಿಕೆಯ ಕಾಲದಲ್ಲಿ ಖಾಸಿಂ ಪಾಷಾ ಕಟ್ಟಿಸಿದ ಮಸೀದಿ ಈಗ ಚರ್ಚು. ಗುಮ್ಮಟದ ತುದಿಯಲ್ಲಿ ಅರ್ಧಚಂದ್ರವೂ ಇದೆ, ಅದರ ಮೇಲೆ ಶಿಲುಬೆಯೂ ಇದೆ. ಪಕ್ಕದ ಗಲ್ಲಿಯಲ್ಲಿ ಲಾಂಗೋಶ್ ತಿಂದೆವು. ನಮ್ಮ ಪೂರಿಯ ದೊಡ್ಡಪ್ಪ ಅನ್ನಿ. ಮೇಲೆ ಹುಳಿ ಕೆನೆ, ತುರಿದ ಚೀಸ್. ಒಂದು ತಿಂದರೆ ಸಂಜೆವರೆಗೂ ಹಸಿವಿಲ್ಲ. ಅಲ್ಲಿಂದ ಸಿಗೆತ್‌ವಾರ್ ಪಶ್ಚಿಮಕ್ಕೆ ಸುಮಾರು 35 ಕಿ.ಮೀ.

ಈಗ ನೀರಿನ ವಿಷಯಕ್ಕೆ ಬರೋಣ. 1566ರಲ್ಲಿ ಒಟ್ಟೋಮನ್ ತುರ್ಕರು ಈ ಕೋಟೆಗೆ ಮುತ್ತಿಗೆ ಹಾಕಿದಾಗ ಇಲ್ಲಿ ನಿಜಕ್ಕೂ ನೀರಿತ್ತು. ಅಲ್ಮಾಶ್ ಎಂಬ ಹಳ್ಳಕ್ಕೆ ಕಟ್ಟೆ ಹಾಕಿ ನೀರು ನಿಲ್ಲಿಸಿದ್ದರು. ಸುತ್ತ ಕೆರೆ, ಕೆರೆಯಾಚೆ ಜೌಗು. ನಡುವೆ ಮೂರು ತುಂಡು: ಹೊಸ ಪೇಟೆ, ಹಳೆ ಪೇಟೆ, ಕೊನೆಯಲ್ಲಿ ಕೋಟೆ. ಒಂದರಿಂದ ಇನ್ನೊಂದಕ್ಕೆ ಸೇತುವೆ. ಮಣ್ಣು, ಮರ, ಇಟ್ಟಿಗೆಯ ಈ ಕೋಟೆ ನೋಡಲು ಅಂಥ ಭಾರಿಯೇನಲ್ಲ. ನೀರೇ ಇದರ ನಿಜವಾದ ಗೋಡೆ.

ಒಳಗಿದ್ದವನು ಕ್ರೊಯೇಷಿಯಾದ ಸರದಾರ ನಿಕೋಲಾ ಶುಬಿಚ್ ಜ್ರಿನ್ಸ್‌ಕಿ. ಹಂಗೇರಿಯವರಿಗೆ ಅವನು ಜ್ರೀನಿ ಮಿಕ್ಲೋಶ್. ಎರಡೂ ದೇಶದವರು ನಮ್ಮವನು ಅನ್ನುತ್ತಾರೆ, ಎರಡೂ ಸರಿಯೇ. ಅವನ ಹತ್ತಿರ ಇದ್ದದ್ದು ಸುಮಾರು 2,300 ಜನ. ಹೊರಗೆ ಒಟ್ಟೋಮನ್ ಸುಲ್ತಾನ ಸುಲೈಮಾನ್. ಸೈನ್ಯ ಒಂದು ಲಕ್ಷ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸುಲ್ತಾನನಿಗೆ ಆಗ 71 ವರ್ಷ. ಕೀಲುನೋವು ಎಷ್ಟಿತ್ತೆಂದರೆ ಕುದುರೆ ಹತ್ತಲು ಆಗುತ್ತಿರಲಿಲ್ಲ. ಬಂಡಿಯಲ್ಲಿ ಕೂತೇ ಇಸ್ತಾಂಬುಲ್‌ನಿಂದ ಇಲ್ಲಿಯವರೆಗೆ ಬಂದ. ಮೇ 1ಕ್ಕೆ ಹೊರಟವನು ಆಗಸ್ಟ್‌ನಲ್ಲಿ ತಲುಪಿದ. ಆ ವಯಸ್ಸಲ್ಲಿ ಯಾಕಪ್ಪಾ ಬೇಕಿತ್ತು ಅನ್ನಿಸುತ್ತೆ, ಅಲ್ವಾ? ಮೊದಲು ಬೇರೆ ಕಡೆ ಹೋಗುವ ಯೋಚನೆಯಿತ್ತಂತೆ. ಶಿಕ್ಲೋಶ್ ಹತ್ತಿರ ಬೀಡುಬಿಟ್ಟಿದ್ದ ಅವನ ದಳವೊಂದನ್ನು ಜ್ರಿನ್ಸ್‌ಕಿ ಬಡಿದು ಹಾಕಿದ ಸುದ್ದಿ ಬಂತು. ಸಿಟ್ಟು ಈ ಕಡೆ ತಿರುಗಿತು.

ಕೋಟೆಯ ಮೇಲೆ ನಡೆಯುತ್ತಾ ನಾನು ದಿನಗಳನ್ನು ಲೆಕ್ಕ ಹಾಕುತ್ತಿದ್ದೆ. ಮೊದಲ ವಾರದಲ್ಲೇ ಹೊಸ ಪೇಟೆಗೆ ಜ್ರಿನ್ಸ್‌ಕಿಯೇ ಬೆಂಕಿ ಇಡಿಸಿದ. ಕಾಯಲು ಜನ ಸಾಲದು, ಬಿಟ್ಟರೆ ಶತ್ರುವಿಗೆ ಆಸರೆ. ಒಟ್ಟೋಮನ್ನರು ಕಟ್ಟೆ ಒಡೆದು ಕೆರೆ ಖಾಲಿ ಮಾಡಿದರು. ಜೌಗಿನ ಮೇಲೆ ಸೌದೆ ಕಟ್ಟು, ಮಣ್ಣು ಸುರಿದು ದಾರಿ ಮಾಡಿದರು. ಆಗಸ್ಟ್ 19ಕ್ಕೆ ಹಳೆ ಪೇಟೆ ಹೋಯಿತು. ಅಲ್ಲಿಗೆ ಉಳಿದದ್ದು ಬರೀ ಕೋಟೆ.

ಆಗಸ್ಟ್ 29ರಂದು ದೊಡ್ಡ ದಾಳಿ. ಆ ತಾರೀಖು ಸುಲೈಮಾನನಿಗೆ ಅದೃಷ್ಟದ್ದು. 1526ರಲ್ಲಿ ಮೊಹಾಚ್‌ನಲ್ಲಿ ಹಂಗೇರಿಯ ರಾಜನನ್ನೇ ಮುಗಿಸಿದ್ದು ಅದೇ ದಿನ. ನಲವತ್ತು ವರ್ಷದ ನಂತರ ಅದೃಷ್ಟ ಕೈ ಕೊಟ್ಟಿತು. ದಾಳಿ ಹಿಮ್ಮೆಟ್ಟಿತು, ಹೆಣಗಳು ರಾಶಿ ಬಿದ್ದವು. ಆಮೇಲೆ ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿಸಿದರು. ಸೆಪ್ಟೆಂಬರ್ 5ಕ್ಕೆ ಬುರುಜು ಹಾರಿತು, ಬೆಂಕಿ ಒಳಗೆ ನುಗ್ಗಿತು.

ಇಷ್ಟೂ ಹೊತ್ತು ಜ್ರಿನ್ಸ್‌ಕಿಯ ಒಡೆಯ, ವಿಯೆನ್ನಾದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಏನು ಮಾಡುತ್ತಿದ್ದ? ಗ್ಯೋರ್ ಹತ್ತಿರ ದೊಡ್ಡ ಸೈನ್ಯ ಇಟ್ಟುಕೊಂಡು ಸುಮ್ನೆ ಕೂತಿದ್ದ. ಬರಲೇ ಇಲ್ಲ. ಈ ಕಥೆಯಲ್ಲಿ ನನಗೆ ಜಾಸ್ತಿ ಸಿಟ್ಟು ಬರುವುದು ಅವನ ಮೇಲೆ. ಅವನಿಗೆ ಅವನದೇ ಲೆಕ್ಕಾಚಾರ ಇತ್ತೆಂದು ಬಲ್ಲವರು ಹೇಳುತ್ತಾರೆ. ಇರಬಹುದು. ಬೆಂಕಿಯ ಒಳಗಿದ್ದವರಿಗೆ ಆ ಲೆಕ್ಕ ಕಟ್ಟಿಕೊಂಡು ಏನಾಗಬೇಕು?

ಸೆಪ್ಟೆಂಬರ್ 7ರಂದು ಜ್ರಿನ್ಸ್‌ಕಿ ಉಕ್ಕಿನ ಕವಚ ಬಿಟ್ಟು ಮದುವೆಗೆ ಹೊರಟವನ ಹಾಗೆ ಒಳ್ಳೆ ಬಟ್ಟೆ ಹಾಕಿಕೊಂಡನಂತೆ. ಜೇಬಿನಲ್ಲಿ ನೂರು ಚಿನ್ನದ ನಾಣ್ಯ. ತನ್ನನ್ನು ಕೊಂದವನಿಗೆ ಏನೂ ಸಿಗಲಿಲ್ಲ ಅನ್ನಿಸಬಾರದು ಅಂತ. ಬಾಗಿಲು ತೆಗೆದರು, ಕಬ್ಬಿಣದ ಚೂರು ತುಂಬಿದ ಫಿರಂಗಿ ಹಾರಿಸಿದರು. ಹೊಗೆಯ ನಡುವೆ ಉಳಿದ ಕೆಲವು ನೂರು ಜನ ಸೇತುವೆ ಮೇಲೆ ನುಗ್ಗಿದರು. ಬದುಕಿದವರು ಬೆರಳೆಣಿಕೆ. ಶತ್ರುಗಳು ಒಳಗೆ ಬಂದ ಮೇಲೆ ಮದ್ದಿನ ಮನೆ ಸಿಡಿಯಿತು. ಈ ಪುಟ್ಟ ಜಾಗಕ್ಕಾಗಿ ಒಟ್ಟೋಮನ್ನರು ಕಳೆದುಕೊಂಡದ್ದು 20,000ಕ್ಕೂ ಹೆಚ್ಚು ಎನ್ನುತ್ತಾರೆ. ನಾವು ಫೋಟೋ ತೆಗೆಯುತ್ತಾ, ನಿಲ್ಲುತ್ತಾ, ಮಾತಾಡುತ್ತಾ ಸಾಗಿದರೂ ಗೋಡೆಯ ಸುತ್ತು ಬೇಗ ಮುಗಿದುಹೋಯಿತು.

"ಸುಲ್ತಾನ ಖುಷಿ ಪಟ್ನಾ?" ಎಂದಳು.

ಅವನು ಅಷ್ಟರಲ್ಲಿ ಸತ್ತಿದ್ದ. ಕೋಟೆ ಬೀಳುವುದಕ್ಕೆ ಸ್ವಲ್ಪ ಮುಂಚೆ, ಡೇರೆಯಲ್ಲೇ ಪ್ರಾಣ ಹೋಗಿತ್ತು. ಗೆದ್ದದ್ದು ಅವನಿಗೆ ಗೊತ್ತಾಗಲೇ ಇಲ್ಲ. ಅವನ ಸೈನ್ಯಕ್ಕೂ ಅವನು ಸತ್ತದ್ದು ಗೊತ್ತಾಗಲಿಲ್ಲ. ಮಹಾವಜೀರ ಸೊಕೊಲ್ಲು ಮೆಹಮದ್ ಪಾಷಾ ಈ ಸುದ್ದಿಯನ್ನು 48 ದಿನ ಮುಚ್ಚಿಟ್ಟನಂತೆ. ಮಗ ಸಲೀಮನಿಗೆ ಗುಟ್ಟಾಗಿ ಪತ್ರ ಹೋಯಿತು. ಇಲ್ಲಿ ಸುಲ್ತಾನನ ಹೆಸರಲ್ಲಿ ಆಜ್ಞೆಗಳು ಹೊರಡುತ್ತಲೇ ಇದ್ದವು. ಹಿಂದಿರುಗುವಾಗ ಬಂಡಿಯಲ್ಲಿ ಸುಲ್ತಾನ ಕೂತಿದ್ದಾನೆಂದೇ ಸೈನಿಕರು ನಂಬಿದ್ದರು. ವೀರರ ಬಗ್ಗೆ ಇಲ್ಲಿ ಎಲ್ಲರೂ ಮಾತಾಡುತ್ತಾರೆ. ನನಗೆ ಮಾತ್ರ ಆ ಡೇರೆಯೊಳಗೆ ಮುಖದಲ್ಲಿ ಏನೂ ತೋರಿಸದೆ ಕಾಗದ ಬರೆಸುತ್ತಾ ಕೂತ ವಜೀರನೇ ಕಣ್ಣಿಗೆ ಕಟ್ಟುತ್ತಾನೆ. ದೇಹವನ್ನು ಇಸ್ತಾಂಬುಲ್‌ಗೆ ಒಯ್ದರು. ಹೃದಯ ಮತ್ತು ಒಳ ಅಂಗಗಳನ್ನು ಇಲ್ಲೇ ಹೂತರೆಂದು ಪ್ರತೀತಿ.

ಕೋಟೆಯೊಳಗೆ ಸುಲೈಮಾನನ ಹೆಸರಿನ ಮಸೀದಿ ಇದೆ, ಅದರ ಮಿನಾರ್ ಮೊಂಡಾಗಿದೆ. ಊರೊಳಗೆ ಅಲಿ ಪಾಷಾ ಮಸೀದಿ ಚರ್ಚಾಗಿದೆ, ಒಳಗಿನ ಗುಮ್ಮಟದಲ್ಲಿ ಮುತ್ತಿಗೆಯ ಬಣ್ಣದ ಚಿತ್ರ. ಕತ್ತು ನೋಯುವವರೆಗೆ ನೋಡಿದೆವು.

ಮಧ್ಯಾಹ್ನ ಊರ ಹೊರಗಿನ ಹಂಗೇರಿ-ಟರ್ಕಿ ಸ್ನೇಹ ಉದ್ಯಾನಕ್ಕೆ ಹೋದೆವು. 1994ರಲ್ಲಿ ಮಾಡಿದ್ದು. ಜ್ರಿನ್ಸ್‌ಕಿ, ಸುಲೈಮಾನ್ ಇಬ್ಬರ ದೊಡ್ಡ ದೊಡ್ಡ ತಲೆಗಳು ಅಕ್ಕಪಕ್ಕ. ಜ್ರಿನ್ಸ್‌ಕಿಯ ತಲೆಯನ್ನು ನಿಜವಾಗಿಯೂ ಕತ್ತರಿಸಿ ಊರೂರು ದಾಟಿಸಿದ್ದರು ಎಂದು ನಾನು ಹೇಳಿದ ಮೇಲೆ ಹೆಂಡತಿ ಅಲ್ಲಿ ಫೋಟೋಗೆ ನಿಲ್ಲಲಿಲ್ಲ.

ತುರ್ಬೇಕ್ ಇಲ್ಲಿಗೆ ಹತ್ತಿರ. ಅಲ್ಲಿನ ಚರ್ಚು ಇರುವ ಜಾಗದಲ್ಲೇ ಸುಲ್ತಾನನ ಹೃದಯ ಹೂತ ಸಮಾಧಿ ಇತ್ತೆಂದು ಬಹಳ ಕಾಲ ನಂಬಿದ್ದರು. ಗೋಡೆಗೆ ಹಾಗೆಂದು ಫಲಕವನ್ನೂ ಹಾಕಿದ್ದಾರೆ. ಆದರೆ 2015ರಿಂದ ಸಂಶೋಧಕರು ಅಗೆದದ್ದು ಬೇರೆ ಕಡೆ, ದ್ರಾಕ್ಷಿ ತೋಟದ ಗುಡ್ಡದಲ್ಲಿ. ಸಮಾಧಿ, ಮಸೀದಿ, ಫಕೀರರ ಮಠ, ಎಲ್ಲದರ ತಳಪಾಯ ಅಲ್ಲಿ ಸಿಕ್ಕಿತು. ಗುಡ್ಡ ಹತ್ತಿದೆವು. ಮೇಲಿಂದ ಊರು ಕಾಣುತ್ತದೆ. ಕೋಟೆ ಎಲ್ಲಿ ಎಂದು ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು, ಮರಗಳ ನಡುವೆ ಅಷ್ಟು ಚಿಕ್ಕದು.

ಕೋಟೆ 1689ರವರೆಗೆ ಒಟ್ಟೋಮನ್ನರ ಕೈಯಲ್ಲೇ ಇತ್ತು. ಅದಿರಲಿ, 1566ರಲ್ಲಿ ಮಾತ್ರ ಸೈನ್ಯ ಇಲ್ಲಿಂದ ಮುಂದೆ ವಿಯೆನ್ನಾ ಕಡೆ ಹೋಗಲಿಲ್ಲ. ಸುಲ್ತಾನನಿಲ್ಲ, ಚಳಿಗಾಲ ಹತ್ತಿರ ಬಂದಿತ್ತು. 1568ರಲ್ಲಿ ಒಪ್ಪಂದವಾಯಿತು. ಮ್ಯಾಕ್ಸಿಮಿಲಿಯನ್ ವರ್ಷಕ್ಕೆ 30,000 ಚಿನ್ನದ ನಾಣ್ಯ ಕೊಡಲು ಒಪ್ಪಿದ. ಸುಮ್ನೆ ಕೂತವನು ಕೊಟ್ಟ ಬೆಲೆ ಅಷ್ಟು.

ಸಂಜೆ ಬಸ್ಸು ಹತ್ತಿದಾಗ ಮಳೆ ಹನಿ ಶುರುವಾಗಿತ್ತು. ಊರು ಬಿಡುವ ಮುಂಚೆ ಬಸ್ಸು ಒಂದು ಪುಟ್ಟ ಸೇತುವೆ ದಾಟಿತು. ಕೆಳಗೆ ಜೊಂಡು ಬೆಳೆದ ಸಣ್ಣ ಹಳ್ಳ, ಒಂದು ಹಾರಿದರೆ ಆಚೆ ದಡ. ಹೆಂಡತಿ ನನ್ನ ಮೊಣಕೈ ತಿವಿದಳು.

"ನೋಡ್ರೀ, ನಿಮ್ಮ ಕೆರೆ."