ಬೆಸ ಸಂಖ್ಯೆ ಒಂದೂ ಇಲ್ಲ ಸರ್

ನಮ್ಮ ಅರ್ಜಿ ಐಡಿಗಳ ಹೊಸ ಸೀರೀಸ್‌ನ ಮೊದಲ ಐಡಿ 9007199254740992. ಆರಿಸಿದ್ದು ನಾನೇ. ಹಳೇ ಐಡಿಗಳ ಜೊತೆ ಡಿಕ್ಕಿಯಾಗದ ಹಾಗೆ ಎಲ್ಲೋ ಮೇಲಿಂದ ಶುರು ಮಾಡಬೇಕಿತ್ತು, ರಿಪೋರ್ಟ್ ಕಾಲಂನಲ್ಲಿ 16 ಅಂಕಿಗಷ್ಟೇ ಜಾಗ. ಅಷ್ಟರಲ್ಲಿ ಹಿಡಿಸುವ ಎರಡರ ಅತಿ ದೊಡ್ಡ ಘಾತ ಇದು, 2ರ 53ನೇ ಘಾತ. ಡೇಟಾಬೇಸ್‌ನಲ್ಲಿ ಬಿಗ್‌ಇಂಟ್ ಅನ್ನುವ ದೊಡ್ಡ ಪೂರ್ಣಾಂಕ, 9223372036854775807ರ ತನಕ ಚಿಂತೆಯಿಲ್ಲ. ರಿವ್ಯೂನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ.

ಕೋಡ್ ಡಿಪ್ಲಾಯ್ ಆಗಿ ಜನರ ಬಳಕೆಗೆ ಬಂದ ರಾತ್ರಿ ಪ್ರೊಡಕ್ಷನ್‌ನಲ್ಲಿ ಮೊದಲ ರೆಕಾರ್ಡ್ ತೆರೆದು ನೋಡಿದೆ, ಸರಿಯಾಗಿ ಬಂತು. ಗ್ರೂಪಲ್ಲಿ ‘ಆಲ್ ಗುಡ್’ ಹಾಕಿ ಮಲಗಿದೆ. ಎರಡನೆಯದನ್ನೂ ತೆರೆದಿದ್ದರೆ ಮುಗಿದುಹೋಗುತ್ತಿತ್ತು.

ಬೆಳಗ್ಗೆ ಪಿ1 ಟಿಕೆಟ್, ಅಂದರೆ ಅತಿ ತುರ್ತಿನ ದೂರು. ಒಬ್ಬರ ಅರ್ಜಿ ಒತ್ತಿದರೆ ಇನ್ನೊಬ್ಬರದು ತೆರೆಯುತ್ತಿದೆ! ಕಾಲ್‌ನಲ್ಲಿ ಹನ್ನೊಂದು ಜನ, ಅದರಲ್ಲಿ ಏಳು ಜನ ‘ಎನಿ ಅಪ್‌ಡೇಟ್?’ ಕೇಳುವುದಕ್ಕೇ ಬಂದವರು. ನಾನು ಬ್ರೌಸರ್ ಬಿಟ್ಟು ಕರ್ಲ್ ಕಮಾಂಡ್ ಹೊಡೆದು ನೇರ ಸರ್ವರ್‌ಗೇ ಕೇಳಿ ನೋಡಿದೆ. ಸರ್ವರ್‌ನ ಎಪಿಐ ಕೊಡುವ ಐಡಿ ಪಕ್ಕಾ. "ನನ್ನ ಕಡೆ ಸರಿ ಇದೆ, ಕ್ಯಾಶ್ ಕ್ಲಿಯರ್ ಮಾಡಿ" ಅಂದೆ. ಮಾಡಿದರು. ಮತ್ತೆ ಮಾಡಿದರು. ಆಗ ಹೊಸದಾಗಿ ಸೇರಿದ ಟೆಸ್ಟರ್ ಮೆಲ್ಲಗೆ, "ಸರ್, ಪರದೆ ಮೇಲೆ ಬೆಸ ಸಂಖ್ಯೆ ಒಂದೂ ಇಲ್ಲ" ಅಂದರು. "ಅದು ಕಾಕತಾಳೀಯ, ಮೊದಲು ಲಾಗ್ ಕಳಿಸಿ" ಅಂತ ಬಾಯಿ ಮುಚ್ಚಿಸಿದೆ. ಆಮೇಲೆ ನಲವತ್ತು ನಿಮಿಷ ಫ್ರಂಟ್‌ಎಂಡ್‌ನವರ (ಪರದೆ ಕಡೆ ನೋಡಿಕೊಳ್ಳುವವರ) ರೌಟಿಂಗ್ ಕೋಡ್ ಕೆದಕಿದ್ದೇ ಬಂತು.

ಕೊನೆಗೆ ಆ ಟೆಸ್ಟರ್ ಸ್ಕ್ರೀನ್‌ಶಾಟನ್ನೇ ಹಾಕಿದರು. ಎಂಟು ಸಾಲುಗಳ ಕೊನೆಯ ಮೂರಂಕಿ: 992, 992, 994, 996, 996, 996, 998, 000. ಬ್ರೌಸರ್ ಕನ್ಸೋಲ್ ತೆರೆದು 9007199254740993 ಟೈಪ್ ಮಾಡಿ ಎಂಟರ್ ಒತ್ತಿದೆ. ಕೆಳಗೆ ಬಂದದ್ದು 9007199254740992. ಕಿವಿ ಬಿಸಿಯಾಯಿತು. ಸ್ಕ್ರೀನ್ ಶೇರ್ ಬೇರೆ ಆನ್ ಇತ್ತು.

ಬ್ರೌಸರ್‌ನಲ್ಲಿ ಓಡುವ ಭಾಷೆ ಜಾವಾಸ್ಕ್ರಿಪ್ಟ್‌ಗೆ ಮಾಮೂಲಿ ಸಂಖ್ಯೆ ಅಂದರೆ ಡಬಲ್ ಅನ್ನುವ 64 ಬಿಟ್ ಮಾದರಿ, ನಿಖರತೆ 53 ಬಿಟ್. 2ರ 53ನೇ ಘಾತ ದಾಟಿದರೆ ಹೆಜ್ಜೆ ಎರಡೆರಡು, ಬೆಸ ಸಂಖ್ಯೆಗೆ ಜಾಗವೇ ಇಲ್ಲ. 54ನೇ ಘಾತ ದಾಟಿದರೆ ನಾಲ್ಕು ನಾಲ್ಕು. ನಟ್ಟನಡುವೆ ಸಿಕ್ಕ ಬೆಸ ಸಂಖ್ಯೆ ಪಕ್ಕದ ಎರಡರಲ್ಲಿ ನಾಲ್ಕರಿಂದ ಭಾಗವಾಗುವ ಕಡೆ ವಾಲುತ್ತದೆ. ಹಾಗಾಗಿ 993 ಕೆಳಗಿಳಿದು 992, 995 ಮೇಲೇರಿ 996, 997 ಮತ್ತೆ ಇಳಿದು ಅದೇ 996. ಒಂದೇ ದಿಕ್ಕಿಗೆ ತಪ್ಪಿದ್ದರೆ ನಾನೂ ಬೇಗ ಹಿಡಿಯುತ್ತಿದ್ದೆನೇನೋ. ಪರೀಕ್ಷೆಗಿಟ್ಟ ಸ್ಟೇಜಿಂಗ್‌ನಲ್ಲಿ ಐಡಿಗಳು 1ರಿಂದ 50, ಅಲ್ಲಿ ಯಾಕೆ ಸಿಕ್ಕೀತು?

ಫಿಕ್ಸ್ ಒಂದೇ ಸಾಲು: ಸರ್ವರ್ ಬ್ರೌಸರ್‌ಗೆ ಕಳಿಸುವ ಜೇಸನ್ ಡೇಟಾದಲ್ಲಿ ಐಡಿಯನ್ನು ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿ ಕಳಿಸುವುದು. ಐಡಿಯನ್ನು ಯಾರೂ ಕೂಡಿ ಕಳೆಯುವುದಿಲ್ಲ, ಅದು ಸಂಖ್ಯೆಯಾಗಿರಬೇಕಿದ್ದೇ ಯಾಕೆ? ಟೆಸ್ಟರ್‌ಗೆ ಸಾರಿ ಹೇಳಿದೆ. ಕಾಲ್‌ನಲ್ಲಲ್ಲ, ಚಾಟ್‌ನಲ್ಲಿ. ಅದೂ ಸರಿಯಲ್ಲ ಅಂತ ಗೊತ್ತು.

ಆರ್‌ಸಿಎಗೆ (ಮೂಲ ಕಾರಣದ ವರದಿಗೆ) ಮ್ಯಾನೇಜರ್ ಎಕ್ಸೆಲ್ ಶೀಟ್ ಮಾಡಿ, ಹಾಳಾದ ಐಡಿಗಳನ್ನೆಲ್ಲ ಪೇಸ್ಟ್ ಮಾಡಿ ಮೇಲಕ್ಕೆ ಕಳಿಸಿದರು. ಎಕ್ಸೆಲ್ ಉಳಿಸಿಕೊಳ್ಳುವುದು 15 ಅಂಕಿ. ಶೀಟಿನಲ್ಲಿ ಪ್ರತಿಯೊಂದು ಐಡಿಯ ಕೊನೆಗೂ ಸೊನ್ನೆ.