ಮಿಷನ್ ಆನ್ ಮಾಡ್ಲಿಲ್ವೇನೋ?

"ಇವತ್ತು ಮಿಷನ್ ಆನ್ ಮಾಡ್ಲಿಲ್ವೇನೋ?"

ಮೊನ್ನೆ ಭಾನುವಾರ ಗೆಳೆಯ ಅಡುಗೆಮನೆಯಲ್ಲಿ ಕಾಫಿ ಮಿಷನ್ನಿನ ಹಬೆಯಿಂದ ಲ್ಯಾಟೆಗೆ, ಅಂದರೆ ನೊರೆಹಾಲಿನ ಕಾಫಿಗೆ, ಹಾಲು ಕಾಯಿಸುತ್ತಿದ್ದಾಗ ಅವನ ಅಮ್ಮ ಹಾಲ್‌ನಿಂದ ಕೇಳಿದ ಮಾತಿದು. ಮಿಷನ್ ಆನ್ ಆಗಿಯೇ ಇತ್ತು. ಹಬೆಯ ನಾಬ್ ಪೂರ್ತಿ ತಿರುಗಿಸಿತ್ತು, ಜಗ್ಗಿನಲ್ಲಿ ಹಾಲು ಸುಳಿ ತಿರುಗುತ್ತಿತ್ತು. ಇಲ್ಲದಿದ್ದದ್ದು ಒಂದೇ, ಎಂಟು ತಿಂಗಳಿಂದ ದಿನ ಬೆಳಗಾದರೆ ಆ ಮನೆಯಲ್ಲಿ ಕೇಳುತ್ತಿದ್ದ ಚೀರುವ ಸದ್ದು. ಅವರು ಕಾಫಿ ಕುಡಿಯುವವರೇ ಅಲ್ಲ. ಪೇಪರ್ ಓದುತ್ತಾ ಕೂತವರಿಗೆ ಗೋಡೆಯಾಚೆಯಿಂದ ತಿಳಿದ ವ್ಯತ್ಯಾಸ, ಜಗ್ಗು ಹಿಡಿದು ನಿಂತ ಮಗನಿಗೆ ಇಷ್ಟು ದಿನ ತಿಳಿದಿರಲಿಲ್ಲ. ಆ ಪ್ರಶ್ನೆ ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ.

"ಕೈ ಕುದುರ್ತಾನೇ ಇಲ್ಲ ಕಣೋ" ಅನ್ನುವುದು ಲ್ಯಾಟೆ ಆರ್ಟ್ ಬಗ್ಗೆ, ಅಂದರೆ ನೊರೆಹಾಲು ಸುರಿದು ಕಾಫಿಯ ಮೇಲೆ ಚಿತ್ರ ಮೂಡಿಸುವುದರ ಬಗ್ಗೆ, ಅವನ ಹಳೇ ದೂರು. ಶ್ರದ್ಧೆಯಲ್ಲಿ ಅವನನ್ನು ಯಾರೂ ಬೆರಳು ತೋರಿಸುವಂತಿಲ್ಲ. 18 ಗ್ರಾಂ ಪುಡಿ ತೂಗಿ, 28 ಸೆಕೆಂಡಿನಲ್ಲಿ 36 ಗ್ರಾಂ ಎಸ್ಪ್ರೆಸೊ, ಅಂದರೆ ಮಿಷನ್ನಿನ ಗಟ್ಟಿ ಡಿಕಾಕ್ಷನ್, ಇಳಿಸುತ್ತಾನೆ, ಅದರ ಮೇಲಿನ ಕಂದು ನೊರೆ, ಕ್ರೆಮಾ, ದಪ್ಪಗೆ ನಿಲ್ಲುತ್ತದೆ. ಮೂರು ಥರದ ಜಗ್ಗು ಕೊಂಡಿದ್ದಾನೆ. ಬರೀ ನೀರು ಹಾಕಿಕೊಂಡು ಮಣಿಕಟ್ಟು ಅಲ್ಲಾಡಿಸುವ ಅಭ್ಯಾಸವನ್ನೂ ಮಾಡಿದ್ದಾನೆ. ಆದರೆ ಕಪ್ಪಿನಲ್ಲಿ ಆಗುವುದು ಯಾವಾಗಲೂ ಒಂದೇ: ಮೊದಮೊದಲು ತೆಳ್ಳನೆ ಹಾಲು ಇಳಿದು ಕಾಫಿ ಮಾಸಲು ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಒಂದು ಬಿಳಿ ಮುದ್ದೆ ಜಾರಿ ಬಂದು ನಡುವೆ ಕೂರುತ್ತದೆ.

ಆ ಮುದ್ದೆಗೂ ಮಣಿಕಟ್ಟಿಗೂ ಸಂಬಂಧವಿಲ್ಲ. ಜಗ್ಗು ಕಪ್ಪಿನ ಹತ್ತಿರ ಬರುವ ಹೊತ್ತಿಗೆ ಚಿತ್ರದ ಹಣೆಬರಹ ಬರೆದಾಗಿರುತ್ತದೆ. ಅದನ್ನು ಬರೆಯುವುದು ಹಬೆ ಬಿಟ್ಟ ಮೊದಲ ಐದಾರು ಸೆಕೆಂಡು.

ಅವನು ಮಾಡುತ್ತಿದ್ದದ್ದು ಇಷ್ಟು. ಹಾಲು ಚಿಮ್ಮೀತು ಅನ್ನುವ ಹೆದರಿಕೆಗೆ ಹಬೆ ಕೊಳವೆಯ ತುದಿಯನ್ನು ಆಳಕ್ಕೆ ಮುಳುಗಿಸಿಬಿಡುತ್ತಿದ್ದ. ಅಲ್ಲಿ ಗಾಳಿ ಒಳಗೆ ಹೋಗಲು ದಾರಿಯೇ ಇಲ್ಲ, ಹಾಲು ಬಿಸಿಯಾಗುತ್ತದೆ ಅಷ್ಟೇ. ಚೀರುವ ಸದ್ದು ಹೇಳುವುದು ಅದನ್ನೇ, ಗಾಳಿ ಸೇರಿದ ಹಾಲು ಹಾಗೆ ಚೀರುವುದಿಲ್ಲ. ಜಗ್ಗು ಕೈ ಸುಡುವ ಹೊತ್ತಿಗೆ ನೊರೆ ಬಂದಿಲ್ಲ ಅಂತ ಗೊತ್ತಾಗಿ ಗಾಬರಿಯಲ್ಲಿ ತುದಿಯನ್ನು ಮೇಲಕ್ಕೆ ಎಳೆಯುತ್ತಿದ್ದ. ಬುಸ್ ಎಂದು ದಪ್ಪ ಗುಳ್ಳೆಗಳು ಏಳುತ್ತಿದ್ದವು. ಅವನ್ನು ಒಡೆದು ಹಾಲಿನೊಳಗೆ ಸೇರಿಸಲು ಸಮಯ ಉಳಿದಿರುತ್ತಿರಲಿಲ್ಲ. ಹಾಗಾಗಿ ಜಗ್ಗಿನಲ್ಲಿ ಎರಡು ಪದರ, ಕೆಳಗೆ ನೀರಿನಂಥ ಹಾಲು, ಮೇಲೆ ಗಟ್ಟಿ ನೊರೆ. ಸುರಿದಾಗ ಬರುವುದೂ ಅದೇ ಕ್ರಮದಲ್ಲಿ.

ಸರಿಯಾದ ವಿಧಾನದಲ್ಲಿ ಗಾಳಿಯ ಕೆಲಸ ಮೊದಲೇ ಮುಗಿಯಬೇಕು. 350 ಮಿಲಿ ಜಗ್ಗಿಗೆ ಫ್ರಿಜ್ಜಿನಿಂದ ಆಗತಾನೇ ತೆಗೆದ 150 ಮಿಲಿ ಹಾಲು ಸಾಕು. ಮೊದಲು ಕೊಳವೆಯನ್ನು ಬಟ್ಟೆಯತ್ತ ತಿರುಗಿಸಿ ಎರಡು ಮೂರು ಸೆಕೆಂಡು ಹಬೆ ಬಿಟ್ಟು, ಒಳಗೆ ನಿಂತ ನೀರು ಹೊರಹಾಕಬೇಕು. ಇದನ್ನು ಮರೆಯುವವರು ಬಹಳ. ಹಬೆಯೂ ಹಾಲಿನಲ್ಲಿ ನೀರಾಗಿಯೇ ಉಳಿಯುತ್ತದೆ. 150 ಮಿಲಿ ಹಾಲು 60 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 13 ಗ್ರಾಂ ನೀರು ಸೇರಿರುತ್ತದೆ. ಅದರ ಮೇಲೆ ಕೊಳವೆಯ ನೀರೂ ಬಿದ್ದರೆ ಹಾಲು ತೆಳ್ಳಗಾಗದೆ ಏನಾದೀತು?

ಕೊಳವೆ ಜಗ್ಗಿನ ಮೂತಿಗೆ ಒರಗಿರಲಿ. ಅದರ ತುದಿ ಹಾಲಿನ ನಟ್ಟನಡುವೆ ಬೇಡ, ನಡುವಿಗೂ ಅಂಚಿಗೂ ಮಧ್ಯೆ ಇರಲಿ. ತೂತುಗಳು ಮೇಲ್ಮೈಗಿಂತ ಕೂದಲೆಳೆಯಷ್ಟು ಕೆಳಗೆ. ಹಬೆಯನ್ನು ಅರ್ಧಂಬರ್ಧ ಬಿಡಬಾರದು, ಪೂರ್ತಿ ಬಿಡಬೇಕು. ಆಗ ಕೇಳಬೇಕಾದ ಸದ್ದು ಕಾಗದವನ್ನು ನಿಧಾನಕ್ಕೆ ಹರಿದಂತೆ, ಚರ್... ಚರ್... ಮನೆಯ ಸಣ್ಣ ಬಾಯ್ಲರ್ ಆದರೆ ಐದಾರು ಸೆಕೆಂಡು, ಹೋಟೆಲಿನ ದೊಡ್ಡ ಮಿಷನ್ ಆದರೆ ಎರಡು ಮೂರು. ಜಗ್ಗಿನ ತಣ್ಣಗಿನ ಭಾವ ಹೋಯಿತು ಅಂತ ಅಂಗೈಗೆ ಅನ್ನಿಸಿದಾಗ, ಅಂದರೆ ಮೈಬಿಸಿಯಷ್ಟು, 37 ಡಿಗ್ರಿಯ ಸುಮಾರಿಗೆ, ಗಾಳಿ ಸಾಕು. ಅಲ್ಲಿಂದ ಜಗ್ಗನ್ನು ಅರ್ಧ ಸೆಂಟಿಮೀಟರ್ ಎತ್ತಿದರೆ ತುದಿ ಮುಳುಗುತ್ತದೆ, ಸದ್ದು ಗುಂಯ್ ಅನ್ನುವ ಮಂದ್ರಕ್ಕೆ ಇಳಿಯುತ್ತದೆ, ಸುಳಿ ಏಳುತ್ತದೆ. ದೊಡ್ಡ ಗುಳ್ಳೆಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಡೆಯುವುದು ಆ ಸುಳಿಯೇ. ಜಗ್ಗಿನ ಮೇಲೆ ಕೈ ಮೂರು ಸೆಕೆಂಡು ನಿಲ್ಲದಂತಾದಾಗ ನಾಬ್ ಮುಚ್ಚಬೇಕು. 60ರಿಂದ 65 ಡಿಗ್ರಿಯೊಳಗೆ ನಿಂತರೆ ಹಾಲಿನ ಸಿಹಿ ನಾಲಿಗೆಗೆ ಚೆನ್ನಾಗಿ ಸಿಗುತ್ತದೆ. 70 ದಾಟಿತೋ, ಪ್ರೋಟೀನಿನ ರಚನೆ ಕೆಟ್ಟು ಕಾದ ಹಾಲಿನ ವಾಸನೆ ಬರತೊಡಗುತ್ತದೆ. ಒಮ್ಮೆ ಹಬೆ ಕೊಟ್ಟ ಹಾಲನ್ನು ಆರಿಸಿ ಮತ್ತೆ ಕೊಟ್ಟರೆ ಮೊದಲಿನ ನೊರೆ ಬರುವುದಿಲ್ಲ.

ಇದ್ಯಾವುದೂ ಅವನಿಗೆ ತಿಳಿಯದ್ದೇನಲ್ಲ. ನೂರಾರು ವಿಡಿಯೊ ನೋಡಿದ್ದಾನೆ. ನನಗೆ ಸಿಟ್ಟು ಬರುವುದು ಅಲ್ಲೇ. ಎಷ್ಟೋ ಲ್ಯಾಟೆ ಆರ್ಟ್ ವಿಡಿಯೊಗಳಲ್ಲಿ ಹಾಲು ಕಾಯಿಸುವ ಭಾಗವನ್ನೇ ಕತ್ತರಿಸುತ್ತಾರೆ, ಉಳಿಸಿದರೂ ಅದರ ಮೇಲೆ ಸಂಗೀತ ಹಾಕುತ್ತಾರೆ. ಕಲಿಯುವವನಿಗೆ ಬೇಕಾದ ಪಾಠ ಇದ್ದದ್ದೇ ಆ ಸದ್ದಿನಲ್ಲಿ, ಅದನ್ನೇ ಅಳಿಸಿ ಬರೀ ಕೈ ತೋರಿಸಿದರೆ ಅವನು ಕೈಯನ್ನೇ ನಂಬುತ್ತಾನೆ. ಯಾರದ್ದಾದರೂ ಕೆಲಸ ಚೆನ್ನಾಗಿ ಬಂದರೆ ಕೈಗುಣ ಅನ್ನುತ್ತೇವೆ. ಕಿವಿಗುಣ ಅನ್ನುವ ಮಾತು ನಮ್ಮಲ್ಲಿ ಯಾಕಿಲ್ಲವೋ. ಎಂಜಿನ್ ರಿಪೇರಿ ಮಾಡುವವರು ಬಾನೆಟ್ ತೆಗೆಯುವ ಮುಂಚೆ ಕಿವಿಗೊಡುತ್ತಾರೆ, ಕುಂಬಾರರು ಸುಟ್ಟ ಮಡಕೆಯನ್ನು ತಟ್ಟಿ ನೋಡುತ್ತಾರೆ, ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದದ್ದು ಎಲ್ಲರಿಗೂ ಮೊದಲು ತಿಳಿಯುವುದು ಕಿವಿಯಿಂದ. ಬಾಯಲ್ಲಿ ಹೇಳಿಕೊಡುವಾಗ ಮಾತ್ರ ಇದು ಬಿಟ್ಟುಹೋಗುತ್ತದೆ. ಬಲ್ಲವರಿಗೆ ತಾವು ಕೇಳಿಸಿಕೊಳ್ಳುತ್ತಿದ್ದೇವೆ ಅನ್ನುವುದೇ ಗೊತ್ತಿರುವುದಿಲ್ಲ.

ಭಾನುವಾರ ಅವನಿಗೆ ಹೇಳಿದ್ದು ಇಷ್ಟೇ: "ಜಗ್ಗಿನೊಳಗೆ ನೋಡಬೇಡ, ಕೇಳಿಸ್ಕೋ." ಹಾಲು ದಂಡವಾಗಬಾರದೆಂದು ಮೊದಲು ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ ಹಾಕಿ ಮೂರು ಸಲ ಹಬೆ ಕೊಟ್ಟ. ಅದು ನೋಡಲು ಹಾಲಿನಂತೆಯೇ ನೊರೆಯಾಗುತ್ತದೆ. ಒಂದಕ್ಕಿಂತ ಹೆಚ್ಚು ಹನಿ ಹಾಕಿದರೆ ಬಟ್ಟೆ ಒಗೆಯುವ ಬುರುಗಿನಂತಾಗಿ ಏನೂ ಕಲಿಯಲಾಗುವುದಿಲ್ಲ. ಮೊದಲ ಸಲ ಚೀರಿತು. ಎರಡನೆಯದಕ್ಕೆ ಬುಸುಗುಟ್ಟಿತು. ಮೂರನೆಯದಕ್ಕೆ ಕಾಗದ ಹರಿದ ಸದ್ದು ಸಿಕ್ಕಿತು. ಜಗ್ಗನ್ನೂ ಕೊಳವೆಯನ್ನೂ ಚೆನ್ನಾಗಿ ತೊಳೆದು ನಾಲ್ಕನೆಯದಕ್ಕೆ ಹಾಲು ಹಾಕಿದ. ಸದ್ದು ಹರಿಯಿತು, ಆಮೇಲೆ ಇಳಿಯಿತು. ಆಗಲೇ ಹಾಲ್‌ನಿಂದ ಆ ಪ್ರಶ್ನೆ ಬಂದದ್ದು.

ಅವನು ಉತ್ತರ ಕೊಡಲಿಲ್ಲ, ಹಾಲು ನೋಡುತ್ತಾ ನಿಂತುಬಿಟ್ಟ. ಆಗತಾನೇ ಬಳಿದ ಪೇಂಟಿನಂತೆ ಹೊಳೆಯುತ್ತಿತ್ತು, ಒಂದು ಗುಳ್ಳೆಯೂ ಇರಲಿಲ್ಲ. ನಿಂತು ನೋಡುವುದೂ ತಪ್ಪೇ. ಹಾಲೂ ನೊರೆಯೂ ಬೇರೆಯಾಗಲು ಹದಿನೈದು ಸೆಕೆಂಡು ಸಾಕು. ಜಗ್ಗನ್ನು ಕಟ್ಟೆಗೆ ಒಮ್ಮೆ ಕುಟ್ಟಿ ಗಿರಗಿರ ತಿರುಗಿಸಿ, ಕಪ್ಪು ಓರೆ ಮಾಡಿ ಹಿಡಿದ. ಮೊದಲು ಎಂಟು ಹತ್ತು ಸೆಂಟಿಮೀಟರ್ ಎತ್ತರದಿಂದ ಸಣ್ಣ ಧಾರೆ. ಎತ್ತರದಿಂದ ಬಿದ್ದ ಹಾಲು ಕ್ರೆಮಾದ ಅಡಿಗೆ ಹೋಗುತ್ತದೆ, ಮೇಲೆ ಕಂದು ಬಣ್ಣ ಹಾಗೇ ಉಳಿಯುತ್ತದೆ. ಕಪ್ಪು ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿದಾಗ ಜಗ್ಗಿನ ಮೂತಿಯನ್ನು ಕಾಫಿಗೆ ತಾಗುವಷ್ಟು ತಗ್ಗಿಸಿ ಧಾರೆ ದಪ್ಪ ಮಾಡಿದ. ಬಿಳಿ ವೃತ್ತವೊಂದು ತಾನಾಗಿ ಅರಳಿತು. ಕೈ ಅಲ್ಲಾಡಿಸಲೇ ಇಲ್ಲ, ಹೃದಯದ ಚಿತ್ರಕ್ಕೆ ಅದು ಬೇಕಾಗಿಯೂ ಇಲ್ಲ. ಕಪ್ಪು ನೇರ ಮಾಡುತ್ತಾ ಕೊನೆಗೆ ಜಗ್ಗು ಎತ್ತಿ, ಎಳೆಯಷ್ಟು ಸಣ್ಣ ಧಾರೆಯನ್ನು ವೃತ್ತದ ನಡುವೆ ಹಾಯಿಸಿದ. ಎಡಗಡೆ ತುಸು ಉಬ್ಬಿದ ಹೃದಯ ಮೂಡಿತು.

ನಿನ್ನೆ ಫೋನ್ ಮಾಡಿದ್ದ. ಬೆಳಿಗ್ಗೆ ಮತ್ತೆ ಮುದ್ದೆ ಬಿತ್ತಂತೆ. ಯಾಕೆಂದು ನಾನು ಕೇಳುವ ಮೊದಲೇ ಅವನೇ ಹೇಳಿದ. ಅವನು ಕಪ್ಪು ಕೈಗೆತ್ತಿಕೊಳ್ಳುವ ಮುಂಚೆಯೇ ಅಮ್ಮ ಹಾಲ್‌ನಿಂದ ಕೂಗಿದ್ದರಂತೆ:

"ಇವತ್ತು ಕಾಗದ ತುಂಬಾ ಹೊತ್ತು ಹರಿದ್ಯಲ್ಲೋ."