ನಾಲ್ಕು ಜನ ಇಟ್ಟುಕೊಂಡು ರೋಗ ತಡೆಯುವುದು ಹೇಗೆ?

ಕೇರಳ-ಕರ್ನಾಟಕ ಗಡಿಯ ಮಂಜೇಶ್ವರ ಕಡೆ ಪಶುಸಂಗೋಪನೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಹಂದಿಜ್ವರ, ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ತಲಪಾಡಿ ಗಡಿ ದಾಟಿ ಅಷ್ಟೊಂದು ಲಾರಿ ಬರ್ತದೆ. ನಿಮ್ಮಲ್ಲಿ ಇರುವುದು ನಾಲ್ಕು ಜನ. ರೋಗ ತಡೆಯುವುದು ಹೇಗೆ?"

ಜನ ಬೇಕು, ಅನುಮಾನವೇ ಇಲ್ಲ. ಆದರೆ ಇರುವ ನಾಲ್ಕು ಜನರ ಬಗ್ಗೆ ಮೇಲಧಿಕಾರಿಗೆ ಏನು ಗೊತ್ತಿದೆ ಎಂದು ನಾನು ಮೊದಲು ಕೇಳುತ್ತೇನೆ.

ಆಫ್ರಿಕನ್ ಹಂದಿಜ್ವರವನ್ನೇ ನೋಡಿ. 2020ರಲ್ಲಿ ಅಸ್ಸಾಂ ಕಡೆ ಕಾಣಿಸಿತು, 2022ರ ಜುಲೈಯಲ್ಲಿ ವಯನಾಡಿಗೆ ಬಂತು. ಮನುಷ್ಯರಿಗೆ ಅಂಟುವುದಿಲ್ಲ, ಹಂದಿಗೆ ಮದ್ದಿಲ್ಲ. ಖಚಿತವಾದರೆ ಸುತ್ತ 1 ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕು, 10 ಕಿಲೋಮೀಟರ್ ತನಕ ಕಣ್ಣಿಡಬೇಕು. ವೈರಸ್ ಬೂಟಿನ ಕೆಸರಲ್ಲಿ, ಜೀಪಿನ ಟೈರಲ್ಲಿ ಹೋಗುತ್ತದೆ. ಅಂದ್ರೆ ತಡೆಯಲು ಹೋದ ನಾವೇ ಅದನ್ನು ಹೊತ್ತು ತರಬಹುದು. ಮನೆಯಲ್ಲಿ ಹಂದಿ ಸಾಕುವವನನ್ನು ಆ ಕೆಲಸಕ್ಕೆ ಕಳಿಸಲೇಬಾರದು. ಇದನ್ನು ರೋಗ ಬಂದ ರಾತ್ರಿ ವಿಚಾರಿಸುತ್ತಾ ಕೂತರೆ ಆಗುವುದಿಲ್ಲ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಯಾರ ಮನೆಯಲ್ಲಿ ಯಾವ ಪ್ರಾಣಿ, ಯಾರಿಗೆ ಉಬ್ಬಸ, ಯಾರಿಗೆ ಯಾವ ಭಾಷೆ.

ಭಾಷೆಯ ಕಾಲಂ ಆಮೇಲೆ ಸೇರಿದ್ದು. ಒಮ್ಮೆ ಮಲಯಾಳ ಮಾತ್ರ ಬರುವ ಇಬ್ಬರನ್ನು ತುಳು ಮಾತಾಡುವ ಮನೆಗೆ ಕಳಿಸಿದ್ದೆ, ತಪ್ಪು ನನ್ನದೇ. ಆ ಮನೆಯ ಅಜ್ಜಿ ಗೇಟು ತೆಗೆಯಲಿಲ್ಲ. ಮರುದಿನ ನಮ್ಮ ಅಟೆಂಡರ್ ಗೇಟಿನ ಹೊರಗೇ ನಿಂತು ತುಳುವಿನಲ್ಲಿ ಮಾತಾಡಿದ. ಕೊಲ್ಲುವ ಪ್ರಾಣಿಗೆ ಸರ್ಕಾರ ಕೊಡುವ ಪರಿಹಾರಕ್ಕೆ ಯಾವ ಕಾಗದ ಬೇಕು ಅಂತ ಹೇಳಿದ. ಅರ್ಧ ಗಂಟೆಯಲ್ಲಿ ಅಜ್ಜಿಯೇ ಗೇಟು ತೆಗೆದರು. ನಮಗೆ ಒಂದು ದಿನ ಹಾಳಾಗಿತ್ತು.

ಬೂಟು ತೊಳೆಯುವುದನ್ನು ನಾನು ಎದುರು ನಿಂತೇ ನೋಡುತ್ತಿದ್ದೆ. ನಮ್ಮ ಕೆಂಪು ಮಣ್ಣು ಅಡಿಯ ಗೀರುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಹಾಗೇ ಔಷಧಿ ನೀರಿಗೆ ಅದ್ದಿದರೆ ಮಣ್ಣಿನ ಒಳಗೆ ಔಷಧಿ ಇಳಿಯುವುದಿಲ್ಲ. ಮೊದಲು ಬ್ರಷ್, ಕಡ್ಡಿಯಲ್ಲಿ ಕೆರೆದು ತೆಗೆಯಬೇಕು, ಆಮೇಲೆ ಅದ್ದಬೇಕು. ಸುಸ್ತಾದವನು ಈ ಕೆರೆಯುವ ಕೆಲಸವನ್ನೇ ಮೊದಲು ಬಿಡುತ್ತಾನೆ. ಮೈಮುಚ್ಚುವ ಸೂಟಿನೊಳಗೆ ಏಪ್ರಿಲ್ ಸೆಕೆಯಲ್ಲಿ ಒಂದು ಗಂಟೆ ನಿಂತವರಿಗೆ ಗೊತ್ತು, ಗ್ಲೌಸ್ ಒಳಗೆ ಬೆವರು ತುಂಬುತ್ತದೆ. ಹಾಗಾಗಿ ಪಾಳಿ ಚಿಕ್ಕದಿರಬೇಕು. ಬದಲಿ ತಂಡವೂ ಬೇಕು, ಯಾಕೆಂದರೆ ಮೊದಲ ತಂಡ ಅಲ್ಲಿಂದ ಸೀದಾ ಇನ್ನೊಂದು ಫಾರ್ಮಿಗೆ ಹೋಗುವಂತಿಲ್ಲ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ. ಪ್ರಾಣಿಗಳನ್ನು ಬದುಕಿಸಬೇಕೆಂದು ಈ ಕೆಲಸಕ್ಕೆ ಸೇರಿದವರ ಕೈಯಲ್ಲಿ ಚೆನ್ನಾಗಿ ಓಡಾಡುವ ಹಂದಿಗಳನ್ನೂ ಕೊಲ್ಲಿಸುತ್ತೇವೆ. ಒಬ್ಬ ಹುಡುಗ ಆವತ್ತು ಸಂಜೆ ಊಟದ ಎದುರು ಸುಮ್ನೆ ಕೂತಿದ್ದ. ಮಾರನೇ ದಿನ ಅವನಿಗೆ ರಜೆ ಕೊಟ್ಟೆ. ಅದಕ್ಕೆ ಮೇಲಿನಿಂದ ಕಾರಣ ಕೇಳಿ ಪತ್ರ ಬಂತು. ನಡೆದದ್ದನ್ನೇ ಬರೆದು ಕಳಿಸಿದೆ. ಆ ಹುಡುಗ ಈಗಲೂ ಇಲಾಖೆಯಲ್ಲಿದ್ದಾನೆ.